ಪೆಟ್ರೋಲ್, ಡೀಸೆಲ್, ಗ್ಯಾಸ್: ಮನೆ ಜನರೇಟರ್‌ಗೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗ್ಯಾಸಿಗೆ. ಅಂದರೆ ಎಲ್‌ಪಿಜಿ ಸಿಲಿಂಡರ್‌ಗೆ. ಆದರೆ ನನ್ನ ಜನರೇಟರ್ ವರ್ಷಕ್ಕೆ ಮೂವತ್ತು ಗಂಟೆ ಓಡಿದರೆ ಜಾಸ್ತಿ, ಉಳಿದ ದಿನವೆಲ್ಲ ಮೂಲೆಯಲ್ಲಿ ಸುಮ್ನೆ ಕೂತಿರುತ್ತದೆ. ನಿಮ್ಮದು ದಿನಾ ಓಡುವುದಾದರೆ ಲೆಕ್ಕ ಬೇರೆ.

ನಾನು ಮೊದಲು ತಂದಿದ್ದು ಪೆಟ್ರೋಲಿನದು. ಅಗ್ಗ, ಹಗುರ, ಒಂದೇ ಎಳೆತಕ್ಕೆ ಶುರು. ಆಮೇಲೆ ಎಂಟು ತಿಂಗಳು ಕರೆಂಟ್ ಸರಿಯಾಗಿಯೇ ಇತ್ತು, ಅದರ ನೆನಪೇ ಬರಲಿಲ್ಲ. ಒಂದು ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು. ಹಗ್ಗ ಎಳೆದೆ, ಎಳೆದೆ, ಭುಜ ನೋವು ಬರುವ ತನಕ ಎಳೆದೆ. ಚೋಕ್ ಹಾಕಿದರೆ ಎರಡು ಸಲ ಕೆಮ್ಮಿ ನಿಲ್ಲುತ್ತಿತ್ತು. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ, ಕಿಡಿ ಚೆನ್ನಾಗಿಯೇ ಬರುತ್ತಿತ್ತು. ಆ ರಾತ್ರಿ ಕತ್ತಲಲ್ಲೇ ಕಳೆಯಿತು.

ಮರುದಿನ ಕಾರ್ಬ್ಯುರೇಟರಿನ (ಪೆಟ್ರೋಲನ್ನು ಗಾಳಿಗೆ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಬೌಲ್, ಅಂದರೆ ಅದರ ಕೆಳಗಿನ ಪೆಟ್ರೋಲ್ ಬಟ್ಟಲು, ಬಿಚ್ಚಿದರೆ ತಳದಲ್ಲಿ ಕಂದು ಬಣ್ಣದ ಅಂಟು, ಹಳೇ ವಾರ್ನಿಷ್‌ನಂಥ ವಾಸನೆ. ಪೆಟ್ರೋಲ್ ಹಾದುಹೋಗುವ ಸಣ್ಣ ತೂತಿನ ಜೆಟ್ ತೆಗೆದು ಬೆಳಕಿಗೆ ಹಿಡಿದೆ, ತೂತಿನಲ್ಲಿ ಬೆಳಕೇ ಕಾಣಲಿಲ್ಲ. ಪೆಟ್ರೋಲ್ ಕೂತಲ್ಲೇ ಕೆಡುತ್ತದೆ ಸ್ವಾಮಿ. ಹಗುರವಾದ ಭಾಗ ಆವಿಯಾಗಿ ಹೋಗುತ್ತದೆ, ಉಳಿದದ್ದು ಗಾಳಿಗೆ ಸೇರಿ ಅಂಟಾಗುತ್ತದೆ, ಎಥನಾಲ್ ಬೆರೆಸಿದ್ದಾದರೆ ತೇವವನ್ನೂ ಎಳೆದುಕೊಳ್ಳುತ್ತದೆ. ಕ್ಲೀನರ್ ಹೊಡೆದು, ವೈರಿನೊಳಗಿನ ತೆಳು ತಾಮ್ರದ ಎಳೆ ತೂರಿಸಿ ತೆರೆಸಿದೆ. ಗಟ್ಟಿ ತಂತಿ ತೂರಿಸಬೇಡಿ, ಹಿತ್ತಾಳೆ ಜೆಟ್‌ನ ತೂತು ದೊಡ್ಡದಾದರೆ ಅದಕ್ಕೆ ಇನ್ನೊಂದು ಕಾಟ.

ಇದಕ್ಕೆ ಉಪಾಯ ಇಲ್ಲ ಅಂತಲ್ಲ. ನಿಲ್ಲಿಸುವಾಗ ಸ್ವಿಚ್ ಬದಲು ಪೆಟ್ರೋಲ್ ಕಾಕ್ ಬಂದ್ ಮಾಡಿದರೆ ಬೌಲಿನಲ್ಲಿ ಇರುವುದೆಲ್ಲ ಹೆಚ್ಚುಕಮ್ಮಿ ಉರಿದು ಇಂಜಿನ್ ತಾನೇ ನಿಲ್ಲುತ್ತದೆ. ಟ್ಯಾಂಕಿಗೆ ಪೆಟ್ರೋಲ್ ಬೇಗ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಹಾಕಬೇಕು, ತಿಂಗಳಿಗೊಮ್ಮೆ ಲೋಡ್ ಕೊಟ್ಟು, ಅಂದರೆ ಫ್ಯಾನು ಬಲ್ಬು ಹಾಕಿ, ಓಡಿಸಬೇಕು. ನಾನು ಎರಡು ತಿಂಗಳು ಮಾಡಿದೆ, ಮೂರನೇ ತಿಂಗಳು ಮರೆತೆ. ಮರೆಯುವವನು ನಾನು, ಪೆಟ್ರೋಲಿನದೇನೂ ತಪ್ಪಿಲ್ಲ. ಆದರೆ ಜನರೇಟರ್ ಬೇಕಾಗುವುದೂ ನನಗೇ ಅಲ್ವಾ?

ಡೀಸೆಲ್ ಅನುಭವ ಭಾವನ ಮನೆಯದು. ಅವರು ಊರಲ್ಲಿಲ್ಲದಾಗ ಹತ್ತು ದಿನ ಅವರ ಮನೆ ನೋಡಿಕೊಂಡಿದ್ದೆ. ಗಂಟೆಗಟ್ಟಲೆ ಓಡಿಸಬೇಕಾದರೆ ಅದೇ ರಾಜ, ಕಡಿಮೆ ಕುಡಿಯುತ್ತದೆ, ಪೆಟ್ರೋಲಿನಷ್ಟು ಸುಲಭವಾಗಿ ಬೆಂಕಿ ಹತ್ತುವುದಿಲ್ಲ. ಶಬ್ದದ ಬಗ್ಗೆ ಮಾತಾಡುವುದೇ ಬೇಡ. ರಾತ್ರಿ ಎರಡು ಫ್ಯಾನು, ನಾಲ್ಕು ಬಲ್ಬಿಗೆ ಅಂತ ಅಷ್ಟು ದೊಡ್ಡದನ್ನು ಓಡಿಸಿದೆ. ಕೊನೆಗೆ ಸೈಲೆನ್ಸರ್ ತುದಿಯಿಂದ ಕಪ್ಪು ಎಣ್ಣೆಯಂಥದ್ದು ತೊಟ್ಟಿಕ್ಕತೊಡಗಿತು. ಲೋಡ್ ಕಮ್ಮಿಯಾದರೆ ಇಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ. ನನ್ನ ಮನೆಯ ಲೋಡ್ ಹೆಚ್ಚಿನ ಹೊತ್ತು ಅಷ್ಟೇ ಇರುವುದು.

ಹಾಗಾಗಿ ಇದ್ದ ಪೆಟ್ರೋಲ್ ಜನರೇಟರ್‌ಗೇ ಗ್ಯಾಸ್ ಕಿಟ್ ಹಾಕಿಸಿದೆ. ನಾನೇ ಹಾಕಲಿಲ್ಲ, ಗೊತ್ತಿರುವವರಿಂದ ಹಾಕಿಸಿದೆ, ಯಾವ ಸಿಲಿಂಡರ್ ಬಳಸಬಹುದು ಅನ್ನುವ ನಿಯಮವನ್ನೂ ಕೇಳಿಕೊಂಡೆ. ಹೊಸ ಡೀಸೆಲ್ ಮೆಷಿನ್‌ಗೆ ಹೋಲಿಸಿದರೆ ಕಿಟ್ಟಿನ ಖರ್ಚು ಏನೂ ಅಲ್ಲ. ಗ್ಯಾಸ್ ಎಷ್ಟು ವರ್ಷ ಇಟ್ಟರೂ ಹಳಸುವುದಿಲ್ಲ. ಇಂಜಿನ್ ಆಯಿಲ್ ಬೇಗ ಕಪ್ಪಾಗುವುದಿಲ್ಲ.

ತೊಂದರೆ ಇಲ್ಲವೇ? ಇದೆ. ಪವರ್ ಸುಮಾರು 10% ಕಮ್ಮಿ, ಮೊದಲು ಪಂಪು ಫ್ರಿಜ್ಜು ಒಟ್ಟಿಗೆ ಎಳೆಯುತ್ತಿತ್ತು, ಈಗ ಒಂದನ್ನು ಆಫ್ ಮಾಡಬೇಕು. ಚಿಕ್ಕ ಸಿಲಿಂಡರ್ ಅರ್ಧ ಖಾಲಿಯಾದಾಗ ಪೂರ್ತಿ ಲೋಡ್ ಹಾಕಿದ್ದೆ, ಎರಡು ಗಂಟೆಯಲ್ಲಿ ಅದರ ಮೈಮೇಲೆ ಬಿಳಿ ಮಂಜು ಕೂತು ಇಂಜಿನ್ ವೇಗ ಏರಿಳಿಯತೊಡಗಿತು. ಒಳಗಿನ ದ್ರವ ಕುದಿದು ಗ್ಯಾಸಾಗಲು ಸಿಲಿಂಡರಿನ ಗೋಡೆಯಿಂದಲೇ ಶಾಖ ಎಳೆಯುತ್ತದೆ, ದ್ರವ ಕಮ್ಮಿಯಾದಷ್ಟೂ ಅದಕ್ಕೆ ತಾಗುವ ಗೋಡೆಯೂ ಕಮ್ಮಿ. ದೊಡ್ಡ ಸಿಲಿಂಡರ್ ಇಟ್ಟ ಮೇಲೆ ಆ ಕಾಟ ತಪ್ಪಿತು. ಸಿಲಿಂಡರನ್ನು ಬೆಂಕಿಯಿಂದ ಬಿಸಿ ಮಾಡುವ, ಅಡ್ಡ ಮಲಗಿಸುವ ಜಾಣತನ ಮಾತ್ರ ಬೇಡ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ತುಂಬಿಕೊಳ್ಳುತ್ತದೆ, ಆದ್ದರಿಂದ ನೆಲಮಾಳಿಗೆಯಲ್ಲಿ ಇಡಲೇಬಾರದು. ಪೈಪಿನ ಜಾಯಿಂಟುಗಳಿಗೆ ಆಗಾಗ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡುತ್ತೇನೆ.

ಯಾವ ಇಂಧನವಾದರೂ ಜನರೇಟರ್ ಮನೆ ಹೊರಗೇ ಇರಲಿ, ಕಿಟಕಿ ಬಾಗಿಲಿನಿಂದ ದೂರ. ಅದು ಬಿಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಗಂಟೆಗೆ ಆಗುವ ಖರ್ಚಿನ ಲೆಕ್ಕದಲ್ಲಿ ಡೀಸೆಲ್ಲೇ ಗೆಲ್ಲಬಹುದು. ಆದರೆ ಮೂವತ್ತು ಗಂಟೆಯಲ್ಲಿ ಎಷ್ಟು ಉಳಿದೀತು? ಮೊನ್ನೆ ಏಳು ತಿಂಗಳ ಮೇಲೆ ವಾಲ್ವ್ ತಿರುಗಿಸಿ, ಶುರುವಿಗೆ ಸ್ವಲ್ಪ ಗ್ಯಾಸ್ ಬಿಡುವ ಪ್ರೈಮರ್ ಬಟನ್ ಒತ್ತಿ ಹಗ್ಗ ಎಳೆದೆ. ಎರಡನೇ ಎಳೆತಕ್ಕೆ ಶುರುವಾಯಿತು, ಬಾಯಲ್ಲಿ ಟಾರ್ಚ್ ಕಚ್ಚಿಕೊಳ್ಳುವ ಕೆಲಸ ಬರಲಿಲ್ಲ.