ರಿಡೆಂಪ್ಶನ್ ಕಾರ್ಡ್ ಆಟ: ವರ್ಷಗಟ್ಟಲೆ ಆಡಿದ ಮೇಲೆ, ಕಾರ್ಡಿನ ಮಾತನ್ನು ಓದುವ ಬಗ್ಗೆ

ರಾಬ್ ಆಂಡರ್ಸನ್ ರೂಪಿಸಿದ ‘ರಿಡೆಂಪ್ಶನ್’ ಆಟವನ್ನು ಅಮೆರಿಕದ ಕ್ಯಾಕ್ಟಸ್ ಗೇಮ್ ಡಿಸೈನ್ ಸಂಸ್ಥೆ 1995ರಲ್ಲಿ ಹೊರತಂದಿತು. ಬೈಬಲಿನ ವ್ಯಕ್ತಿಗಳು ಮತ್ತು ಘಟನೆಗಳನ್ನು ಆಧರಿಸಿದ ಈ ಕಾರ್ಡ್ ಆಟಕ್ಕೆ ಇಂದಿಗೂ ಹೊಸ ಸೆಟ್‌ಗಳು ಸೇರುತ್ತಿವೆ. ಅಮೆರಿಕದಲ್ಲಿರುವ ನಮ್ಮ ಮನೆಯಲ್ಲಿಯೂ ಚರ್ಚಿನ ಗೆಳೆಯರ ನಡುವೆಯೂ ಇದನ್ನು ಬಹುಕಾಲದಿಂದ ಆಡುತ್ತಿದ್ದೇವೆ. ಚಿತ್ರಗಳು ಚೆನ್ನಾಗಿವೆ, ಮಕ್ಕಳಿಗೂ ಹಿರಿಯರಿಗೂ ಹಿಡಿಸುವ ಆಟ. ಆ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆದರೆ ಕೊಳ್ಳುವ ಮುನ್ನ ತಿಳಿದಿರಬೇಕಾದ ಒಂದು ವಿಷಯವಿದೆ. ಕಾರ್ಡಿನ ಮೇಲಿನ ವಾಕ್ಯ ಎರಡು ಅರ್ಥ ಕೊಡುವ ಸಂದರ್ಭಗಳು ಈ ಆಟದಲ್ಲಿ ಮತ್ತೆ ಮತ್ತೆ ಬರುತ್ತವೆ. ಅವನ್ನು ಬಗೆಹರಿಸುವ ಕ್ರಮ ಗೊತ್ತಿಲ್ಲದಿದ್ದರೆ ಆಟ ಅರ್ಧಕ್ಕೇ ನಿಲ್ಲುತ್ತದೆ.

ಆಟದ ಗುರಿ ಸರಳವಾಗಿದೆ. ಎದುರಾಳಿಯ ‘ಲ್ಯಾಂಡ್ ಆಫ್ ಬಾಂಡೇಜ್’ನಲ್ಲಿ, ಅಂದರೆ ಬಂಧನದ ನಾಡಿನಲ್ಲಿ, ಇರುವ ‘ಲಾಸ್ಟ್ ಸೋಲ್’ಗಳನ್ನು, ಅಂದರೆ ಕಳೆದುಹೋದ ಆತ್ಮಗಳನ್ನು, ಬಿಡಿಸಿಕೊಂಡು ಬರಬೇಕು, ಐದನ್ನು ಮೊದಲು ಬಿಡಿಸಿದವರು ಗೆಲ್ಲುತ್ತಾರೆ. ನಾವು ಹೀರೋ ಕಾರ್ಡನ್ನು ಮುಂದಿಡುತ್ತೇವೆ, ಎದುರಾಳಿ ದುಷ್ಟ ಪಾತ್ರವೊಂದರಿಂದ ಅಡ್ಡಗಟ್ಟುತ್ತಾರೆ, ಇಬ್ಬರೂ ಎನ್‌ಹಾನ್ಸ್‌ಮೆಂಟ್ ಕಾರ್ಡುಗಳಿಂದ ತಮ್ಮ ಪಾತ್ರಕ್ಕೆ ಬಲ ತುಂಬುತ್ತಾರೆ. ಕಾರ್ಡಿನಲ್ಲಿ ಬಲ ಮತ್ತು ತಾಳಿಕೆಯ ಅಂಕಿಗಳು, ಬ್ರಿಗೇಡಿನ (ಕಾರ್ಡು ಸೇರಿದ ಪಡೆಯ) ಬಣ್ಣ, ವಿಶೇಷ ಸಾಮರ್ಥ್ಯವನ್ನು ಹೇಳುವ ವಾಕ್ಯ ಮತ್ತು ಕೊನೆಯಲ್ಲಿ ಒಂದು ಬೈಬಲ್ ವಚನ ಇರುತ್ತವೆ. ಜಗಳವೆಲ್ಲ ಹುಟ್ಟುವುದು ಆ ಸಾಮರ್ಥ್ಯದ ವಾಕ್ಯದಿಂದ.

ಮೊದಲ ವರ್ಷಗಳ ಕಾರ್ಡುಗಳಲ್ಲಿ ಈ ವಾಕ್ಯ ತೀರ ಚಿಕ್ಕದು. ಒಂದು ದುಷ್ಟ ಪಾತ್ರವನ್ನು ತೆಗೆದುಹಾಕಿ ಎಂದಷ್ಟೇ ಇದ್ದರೆ, ಯುದ್ಧದಲ್ಲಿರುವ ಪಾತ್ರವೋ, ಎದುರಾಳಿಯ ಕ್ಷೇತ್ರದಲ್ಲಿ (ಮೇಜಿನ ಮೇಲೆ ಅವರು ತಮ್ಮ ಪಾತ್ರಗಳನ್ನಿಡುವ ಜಾಗದಲ್ಲಿ) ಸುಮ್ಮನೆ ಕುಳಿತಿರುವ ಪಾತ್ರವೋ, ಕೈಯಲ್ಲಿರುವುದೂ ಸೇರುತ್ತದೆಯೋ ಎಂದು ಹೊಸಬರು ಕೇಳುವುದು ಸಹಜ. ಇದಕ್ಕೆ ಉತ್ತರ ಕಾರ್ಡಿನ ಮೇಲಿಲ್ಲ. ‘ರಿಡೆಂಪ್ಶನ್ ಎಕ್ಸೆಜಿಸಿಸ್ ಗೈಡ್’ ಎಂಬ ವಿಸ್ತೃತ ನಿಯಮ ಮಾರ್ಗದರ್ಶಿಯಲ್ಲಿದೆ. ಬೇರೆ ಜಾಗವನ್ನು ಹೆಸರಿಸದ ಹೊರತು ಸಾಮರ್ಥ್ಯವು ಆಟದಲ್ಲಿರುವ ಕಾರ್ಡುಗಳಿಗೆ ಮಾತ್ರ ತಗಲುತ್ತದೆ ಎಂಬುದು ಅದರ ಮೂಲ ನಿಯಮ. ಕ್ಷೇತ್ರ ಮತ್ತು ಯುದ್ಧಭೂಮಿ ಆಟದಲ್ಲಿವೆ. ಕೈ, ಡೆಕ್ (ಇನ್ನೂ ಎಳೆಯದ ಕಾರ್ಡುಗಳ ಕಟ್ಟು), ಬಿಸಾಡಿದ ಕಾರ್ಡುಗಳ ರಾಶಿ ಮತ್ತು ಬದಿಗಿಟ್ಟ ಕಾರ್ಡುಗಳ ಜಾಗ ಆಟದ ಹೊರಗಿವೆ. ಈ ಒಂದು ನಿಯಮವನ್ನು ಮನದಟ್ಟು ಮಾಡಿಕೊಂಡರೆ ಹಳೆಯ ಕಾರ್ಡುಗಳ ತಕರಾರುಗಳಲ್ಲಿ ಬಹುಪಾಲು ತಾವಾಗಿಯೇ ತೀರುತ್ತವೆ ಎಂಬುದು ನನ್ನ ಅನುಭವ.

ಇದಕ್ಕಿಂತ ಸೂಕ್ಷ್ಮವಾದದ್ದು ‘ಇಂಟರಪ್ಟ್’ ಮತ್ತು ‘ನೆಗೇಟ್’ಗಳ ನಡುವಿನ ವ್ಯತ್ಯಾಸ. ನೋಡುವುದಕ್ಕೆ ಎರಡೂ ಎದುರಾಳಿಯ ಕಾರ್ಡನ್ನು ತಡೆಯುವ ಮಾತುಗಳೇ. ಆದರೆ ಮೊದಲನೆಯದು ತಾತ್ಕಾಲಿಕ ತಡೆ. ಎರಡನೆಯದು, ತಡೆದ ಪರಿಣಾಮ ಮರಳಿ ಜಾರಿಗೆ ಬರದಂತೆ ನೋಡಿಕೊಳ್ಳುವ ತಡೆ. ಎದುರಾಳಿಯ ಎನ್‌ಹಾನ್ಸ್‌ಮೆಂಟ್ ನನ್ನ ಹೀರೋವನ್ನು ತೆಗೆದುಹಾಕುವಂಥದ್ದಾಗಿದ್ದು, ನಾನು ಇಂಟರಪ್ಟ್ ಹೇಳುವ ಕಾರ್ಡನ್ನು ಇಳಿಸಿದೆನೆಂದುಕೊಳ್ಳೋಣ. ಆಗ ಆ ಪರಿಣಾಮ ನಿಂತು, ನನಗೆ ಇನ್ನೊಂದು ಕಾರ್ಡು ಆಡುವ ಅವಕಾಶ ಸಿಗುತ್ತದೆ. ಆ ಕಾರ್ಡಿನಿಂದ ಅಡ್ಡಗಟ್ಟಿದ ದುಷ್ಟ ಪಾತ್ರವನ್ನೇ ತೆಗೆದರೆ ಅದರ ಮೇಲಿದ್ದ ಎನ್‌ಹಾನ್ಸ್‌ಮೆಂಟೂ ಜೊತೆಗೇ ಹೋಗುವುದರಿಂದ ನನ್ನ ಹೀರೋ ಉಳಿಯುತ್ತಾನೆ. ತೆಗೆಯಲಾಗದಿದ್ದರೆ ನಿಂತಿದ್ದ ಪರಿಣಾಮ ಮತ್ತೆ ಜಾರಿಗೆ ಬಂದು ಹೀರೋ ಹೋಗುತ್ತಾನೆ. ಹೀಗೆಯೇ ‘ಇಮ್ಯೂನ್’ ಎಂದಿರುವ ಪಾತ್ರಕ್ಕೆ ಎದುರಾಳಿಯ ಅಂಕಿಗಳಿಂದಲೂ ಹಾನಿಯಿಲ್ಲ, ‘ಪ್ರೊಟೆಕ್ಟ್’ ಎಂದರೆ ಹೆಸರಿಸಿದ ಪರಿಣಾಮದಿಂದ ಮಾತ್ರ ರಕ್ಷಣೆ. ದಿನಬಳಕೆಯ ಇಂಗ್ಲಿಷಿನಲ್ಲಿ ಹತ್ತಿರ ಹತ್ತಿರದ ಈ ಮಾತುಗಳನ್ನು ಇಲ್ಲಿ ಕಾನೂನಿನ ಪದಗಳಂತೆ ಓದಬೇಕು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬೈಬಲನ್ನು ಬಾಲ್ಯದಿಂದ ಓದಿ ಬೆಳೆದವರು ಸಂದಿಗ್ಧ ವಾಕ್ಯ ಎದುರಾದ ಕೂಡಲೇ ಕಥೆಯನ್ನು ಸಾಕ್ಷಿಗೆ ಕರೆಯುತ್ತಾರೆ. ದಾವೀದನು ಗೊಲ್ಯಾತನನ್ನು ಕೊಂದನಲ್ಲ, ಹಾಗಾದರೆ ದಾವೀದನ ಕಾರ್ಡು ಇಲ್ಲಿ ಸೋಲುವುದು ಹೇಗೆ? ದಾನಿಯೇಲನಿಗೆ ಸಿಂಹಗಳು ಹಾನಿ ಮಾಡಲಿಲ್ಲವಲ್ಲ? ಈ ವಾದಗಳಲ್ಲಿ ಭಕ್ತಿಯಿದೆ, ಅದನ್ನು ನಾನು ಗೌರವಿಸುತ್ತೇನೆ. ಆದರೂ ಇದು ಕಾರ್ಡನ್ನು ಓದುವ ಸರಿಯಾದ ದಾರಿಯಲ್ಲ ಎಂದು ದೃಢವಾಗಿ ನಂಬಿದ್ದೇನೆ. ಸಾಮರ್ಥ್ಯ ಏನು ಮಾಡುತ್ತದೆ ಎಂಬುದನ್ನು ಕಾರ್ಡಿನ ವಾಕ್ಯ ಮತ್ತು ಮಾರ್ಗದರ್ಶಿಯ ನಿಯಮಗಳೇ ತೀರ್ಮಾನಿಸಬೇಕು. ಕಥೆಗೆ ಆ ಅಧಿಕಾರ ಕೊಟ್ಟರೆ ವಚನಗಳನ್ನು ಹೆಚ್ಚು ಬಲ್ಲವರೇ ಪ್ರತಿಸಲವೂ ಗೆಲ್ಲುತ್ತಾರೆ. ಅದಕ್ಕಿಂತ ಕೆಟ್ಟದ್ದೆಂದರೆ, ಗೆಲ್ಲುವುದಕ್ಕಾಗಿ ವಚನವನ್ನು ಹಿಗ್ಗಿಸುವ ಅಭ್ಯಾಸ ಮಕ್ಕಳಿಗೆ ಅಂಟಿಕೊಳ್ಳುತ್ತದೆ.

ಒಂದು ಪಾತ್ರ ಯಾವ ಗುಂಪಿಗೆ ಸೇರಿದ್ದು ಎಂಬ ಪ್ರಶ್ನೆ ಮಾತ್ರ ಬೇರೆ ರೀತಿಯದು. ‘ಪ್ರವಾದಿಗಳು’ ಎಂದು ಹೇಳುವ ಕಾರ್ಡು ಯಾರಿಗೆಲ್ಲ ಅನ್ವಯಿಸುತ್ತದೆ ಎಂದು ಕೇಳಿದಾಗ ಧರ್ಮಗ್ರಂಥವನ್ನು ತೆರೆಯದೆ ಉಪಾಯವಿಲ್ಲ. ಮೋಶೆಯಂಥ ಪ್ರವಾದಿ ಇಸ್ರಾಯೇಲಿನಲ್ಲಿ ಮತ್ತೆ ಹುಟ್ಟಲಿಲ್ಲವೆಂದು ಧರ್ಮೋಪದೇಶಕಾಂಡ 34:10 ಹೇಳುತ್ತದೆ; ದೆಬೋರಳು ಪ್ರವಾದಿನಿಯೆಂದು ನ್ಯಾಯಸ್ಥಾಪಕರು 4:4ರಲ್ಲಿದೆ. ಇಷ್ಟರ ತನಕ ಯಾರಿಗೂ ಅಡ್ಡಿಯಿಲ್ಲ. ಆದರೆ ಆದಿಕಾಂಡ 20:7 ಅಬ್ರಹಾಮನನ್ನೂ, ಅಪೊಸ್ತಲರ ಕೃತ್ಯಗಳು 2:30 ದಾವೀದನನ್ನೂ ಪ್ರವಾದಿಯೆಂದೇ ಕರೆಯುತ್ತವೆ. ಇಲ್ಲಿ ನಡೆಯುವ ಚರ್ಚೆಗೆ ನಿಜವಾದ ತೂಕವಿದೆ, ಮೇಜಿನ ಮೇಲೆ ಬೈಬಲು ತೆರೆದುಕೊಳ್ಳುವುದೂ ಆಗಲೇ. ನನ್ನ ಮಟ್ಟಿಗೆ ಈ ಆಟದ ಅತ್ಯಂತ ಬೆಲೆಯುಳ್ಳ ಗಳಿಗೆಗಳು ಇವೇ. ಈಚಿನ ಸೆಟ್‌ಗಳಲ್ಲಿ ಇಂಥ ಗುರುತುಗಳನ್ನು ಕಾರ್ಡಿನ ಮೇಲೆಯೇ ಅಚ್ಚು ಹಾಕುತ್ತಿರುವುದರಿಂದ ಆಟ ಚುರುಕಾಗಿದೆ. ಸ್ಪರ್ಧೆಗಳಿಗೆ ಅದು ಬೇಕಾದ ಸುಧಾರಣೆಯೇ ಹೌದು. ಮನೆಯಲ್ಲಿ ಆಡುವಾಗ ಮಾತ್ರ ಹಳೆಯ ಕಾರ್ಡುಗಳು ಹುಟ್ಟಿಸುವ ಹುಡುಕಾಟವನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಕೊಳ್ಳುವವರು ಈಚಿನ ಸ್ಟಾರ್ಟರ್ ಡೆಕ್‌ನಿಂದ ಆರಂಭಿಸಲಿ. ಅದರ ವಾಕ್ಯಗಳು ಸ್ಪಷ್ಟವಾಗಿವೆ. ‘ಪ್ರಾಫೆಟ್ಸ್’, ‘ವುಮೆನ್’, ‘ವಾರಿಯರ್ಸ್’ನಂಥ ಹಳೆಯ ಸೆಟ್‌ಗಳನ್ನು ಮಾರ್ಗದರ್ಶಿಯನ್ನು ಪಕ್ಕದಲ್ಲಿಟ್ಟುಕೊಂಡೇ ಸೇರಿಸಬೇಕು, ಏಕೆಂದರೆ ಅವುಗಳಲ್ಲಿ ಕೆಲವು ಕಾರ್ಡುಗಳನ್ನು ಅಚ್ಚಾದ ಮಾತಿನಂತಲ್ಲ, ಆಮೇಲೆ ತಿದ್ದಿದ ಮಾತಿನಂತೆ ಆಡಬೇಕಾಗುತ್ತದೆ. ಸ್ಪರ್ಧೆಯಲ್ಲಾದರೆ ತೀರ್ಪು ಹೇಳಲು ನಿರ್ಣಾಯಕರಿರುತ್ತಾರೆ. ಮನೆಯಲ್ಲಿ ಅವರಿಲ್ಲದ್ದರಿಂದ, ಅರ್ಥ ಇತ್ಯರ್ಥವಾಗದ ಕಾರ್ಡಿನ ಬಗ್ಗೆ ಆ ಆಟಕ್ಕೆ ಸೀಮಿತವಾಗಿ ಒಂದು ಒಪ್ಪಂದಕ್ಕೆ ಬಂದು, ಇಬ್ಬರಿಗೂ ಅದನ್ನೇ ಅನ್ವಯಿಸಿ ಮುಂದುವರಿಯುವುದು ಮತ್ತು ಮುಂದಿನ ಆಟಕ್ಕೆ ಕೂರುವ ಮೊದಲು ಮಾರ್ಗದರ್ಶಿಯನ್ನು ನೋಡಿ ಖಚಿತಪಡಿಸಿಕೊಳ್ಳುವುದು ನಮ್ಮಲ್ಲಿ ರೂಢಿಯಾಗಿದೆ.