'ಟಾಪ್ ಗನ್' ಹಳೆ ಕ್ಯಾಸೆಟ್‌ಗೆ ದುಡ್ಡು ಹಾಕುವ ಮುಂಚೆ ಇದನ್ನೊಮ್ಮೆ ಓದಿ

ಕೊನಾಮಿ 1987ರಲ್ಲಿ ನಿಂಟೆಂಡೊದ ಎನ್‌ಇಎಸ್ ಎಂಬ ವಿಡಿಯೋ ಗೇಮ್ ಯಂತ್ರಕ್ಕೆ ತಂದ 'ಟಾಪ್ ಗನ್' ಆಟದ ಕ್ಯಾಸೆಟ್ ಹುಡುಕುತ್ತಿದ್ದರೆ ಸ್ವಲ್ಪ ತಡೆಯಿರಿ. 'ಕಾಂಟ್ರಾ' ಆಟ ಮಾಡಿದ ಕಂಪನಿ, ಮೇಲೆ ಟಾಮ್ ಕ್ರೂಸ್ ಸಿನಿಮಾ, ಇನ್ನೇನು ಬೇಕು ಅನ್ನಿಸುತ್ತದೆ. ಆದರೆ ಆಟ ಶುರುಮಾಡಿದ ಹೆಚ್ಚಿನವರು ಮೊದಲ ಮಿಷನ್ನಿನ ಕೊನೆಯಲ್ಲೇ ವಿಮಾನವನ್ನು ಸಮುದ್ರಕ್ಕೆ ಬೀಳಿಸುತ್ತಾರೆ, ಮತ್ತೆ ಬೀಳಿಸುತ್ತಾರೆ, ಕೊನೆಗೆ ಕ್ಯಾಸೆಟ್ ಕಿತ್ತು ಪಕ್ಕಕ್ಕಿಡುತ್ತಾರೆ. ತಪ್ಪು ಅವರ ಕೈಯದಲ್ಲ.

1986ರ ಆ ಸಿನಿಮಾ ನೋಡಿದವರಿಗೆ ನೆನಪಿರುವುದು ಪೈಲಟ್‌ಗಳ ಪೈಪೋಟಿ, ಗೆಳೆತನ, ಹಾಡುಗಳು. ಆಟದಲ್ಲಿ ಅದೊಂದೂ ಇಲ್ಲ. ಎಫ್-14 ಯುದ್ಧವಿಮಾನದ ಕಾಕ್‌ಪಿಟ್, ಅದರ ಮೀಟರುಗಳು, ಮುಂದೆ ಖಾಲಿ ಆಕಾಶ, ಕಿವಿಗೆ ಎಂಜಿನ್ನಿನ ಒಂದೇ ಸಮನೆಯ ಸದ್ದು. ಮಿಷನ್ ನಾಲ್ಕೇ: ತರಬೇತಿ, ಶತ್ರುವಿನ ವಿಮಾನವಾಹಕ ಹಡಗು, ನೆಲದ ಮೇಲಿನ ನೆಲೆ, ಕೊನೆಗೆ ಒಂದು ಸ್ಪೇಸ್ ಶಟಲ್. ಸಿನಿಮಾಗೂ ಶಟಲ್‌ಗೂ ಏನು ಸಂಬಂಧವೋ, ಆಟ ಹೇಳುವುದಿಲ್ಲ. ಆಡಿದ್ದನ್ನು ಉಳಿಸಿಕೊಳ್ಳುವ ಸೌಲಭ್ಯವೂ ಇಲ್ಲ, ನಿಲ್ಲಿಸಿದಲ್ಲಿಂದ ಮುಂದುವರಿಸುವ ಪಾಸ್‌ವರ್ಡೂ ಇಲ್ಲ.

ಹಾರಾಟದ ಭಾಗ ಅಷ್ಟೇನೂ ಕೆಟ್ಟದ್ದಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಹೊರಡುವ ಮುಂಚೆ ಕ್ಷಿಪಣಿ ಆರಿಸಿಕೊಳ್ಳಬೇಕು: ಹೌಂಡ್ 40, ವುಲ್ಫ್ 20, ಟೈಗರ್ 10. ಸಂಖ್ಯೆ ಕಡಿಮೆಯಾದಷ್ಟೂ ಗುರಿ ಹಿಡಿಯುವ ಚೌಕ ದೊಡ್ಡದಾಗುತ್ತದೆ. ಹೊಸಬರು ನಲವತ್ತು ಸಿಗುತ್ತದಲ್ಲ ಎಂದು ಹೌಂಡ್ ತೆಗೆದುಕೊಂಡು, ಸಣ್ಣ ಚೌಕದೊಳಗೆ ವಿಮಾನ ಸಿಗದೆ ಒದ್ದಾಡುತ್ತಾರೆ. ನಡುವಿನ ವುಲ್ಫ್ ವಾಸಿ.

ನಿಜವಾದ ಸಂಕಟ ಇರುವುದು ಮಿಷನ್ ಮುಗಿಸಿ ನಮ್ಮದೇ ವಿಮಾನವಾಹಕ ಹಡಗಿನ ಮೇಲೆ ಇಳಿಯುವಾಗ. ಪರದೆಯ ಮೇಲೆ ಎತ್ತರ 200, ವೇಗ 288 ಎಂದು ಬರುತ್ತದೆ. ಆಮೇಲೆ ಸುಮಾರು ಒಂದು ನಿಮಿಷದ ಕಾಲ 'ಸ್ಪೀಡ್ ಡೌನ್', 'ಅಪ್ ಅಪ್', 'ಲೆಫ್ಟ್ ಲೆಫ್ಟ್' ಎಂಬ ಕೂಗುಗಳು ಅಕ್ಷರದಲ್ಲಿ ಮಿನುಗುತ್ತಿರುತ್ತವೆ. ಕೂಗಿದಂತೆ ಮಾಡಿದರೂ ವಿಮಾನ ನೀರಿಗೆ ಬೀಳುತ್ತದೆ. ಯಾಕೆಂದು ಆಟ ಹೇಳುವುದಿಲ್ಲ, ಆದ್ದರಿಂದ ಇಲ್ಲಿ ಹೇಳಬೇಕಾಗಿದೆ.

ಒಂದು, ಇಲ್ಲಿ ಕಂಟ್ರೋಲರ್‌ನ ನಾಲ್ಕು ಬಾಣಗಳ ಗುಂಡಿ, ಅಂದರೆ ಡಿ-ಪ್ಯಾಡ್, ನಿಜವಾದ ವಿಮಾನದ ಸ್ಟಿಕ್ ಇದ್ದಂತೆ. ಮೇಲಿನ ಬಾಣ ಒತ್ತಿದರೆ ಮೂತಿ ಕೆಳಗೆ ಹೋಗುತ್ತದೆ, ಕೆಳಗಿನದು ಒತ್ತಿದರೆ ಮೇಲೇರುತ್ತದೆ. 'ಅಪ್ ಅಪ್' ಎಂದು ಕಂಡ ತಕ್ಷಣ ಗಾಬರಿಯಲ್ಲಿ ಹೆಬ್ಬೆರಳು ಮೇಲಿನ ಬಾಣಕ್ಕೇ ಹೋಗುತ್ತದೆ. ಎತ್ತರ 180 ಇದ್ದದ್ದು 120ಕ್ಕೆ ಇಳಿಯುತ್ತದೆ, ಕೂಗು ನಿಲ್ಲುವುದಿಲ್ಲ, ಬೆರಳು ಇನ್ನಷ್ಟು ಒತ್ತುತ್ತದೆ. ಅಲ್ಲಿಗೆ ಕಥೆ ಮುಗಿಯಿತು. ವೇಗ ಏರಿಸಿ ಇಳಿಸುವುದಕ್ಕೂ ಬೇರೆ ಗುಂಡಿಗಳಿಲ್ಲ. ಅರೆಗಳಿಗೆ ಹಿಂದೆ ಗುಂಡು, ಕ್ಷಿಪಣಿ ಹಾರಿಸುತ್ತಿದ್ದ ಎ ಮತ್ತು ಬಿ ಗುಂಡಿಗಳೇ ಈಗ ಆ ಕೆಲಸ ಮಾಡುತ್ತವೆ.

ಎರಡನೆಯದು ಹೆಚ್ಚಿನವರಿಗೆ ಗೊತ್ತೇ ಇಲ್ಲ. 200 ಮತ್ತು 288 ನಿಖರವಾಗಿ ತಾಗಲೇಬೇಕೆಂದಿಲ್ಲ. ಆಟದ ಕೋಡ್ ಬಿಡಿಸಿ ನೋಡಿದರೆ ಎತ್ತರ 100ರಿಂದ 299ರೊಳಗೆ, ವೇಗ 238ರಿಂದ 337ರೊಳಗೆ ಇದ್ದರೆ ಸಾಕು. ಪರದೆ ತೋರಿಸುವ ಸಂಖ್ಯೆಗಳು ಈ ಅಳತೆಗಳ ನಟ್ಟನಡು, ಅಷ್ಟೆ. ಮೂರನೆಯದಾಗಿ ಬೇಕಿರುವುದು ಹಡಗಿಗೆ ಎಡ-ಬಲ ಸರಿಯಾಗಿರುವುದು, ಇದಕ್ಕೆ ಮಾತ್ರ ಅಷ್ಟು ಸಡಿಲ ಇಲ್ಲ. ಈ ಮೂರನ್ನೂ ಆಟ ಪರೀಕ್ಷಿಸುವುದು ಕೊನೆಯ ಕ್ಷಣದಲ್ಲಿ, ಅದೂ ಒಂದೇ ಸಲ. ಐವತ್ತು ಸೆಕೆಂಡು ಅಚ್ಚುಕಟ್ಟಾಗಿ ಹಾರಿಸಿ ಕೊನೆಗೆ ತುಸು ಬಲಕ್ಕೆ ಸರಿದರೆ ಹೋಯಿತು. ಪರೀಕ್ಷೆ ಆದ ಮೇಲೆ ವಿಮಾನ ಪಕ್ಕದಿಂದ ಕಾಣುವ ದೃಶ್ಯ ಬರುತ್ತದೆ, ಆಗ ಕಂಟ್ರೋಲರ್ ಏನು ಒತ್ತಿದರೂ ಪ್ರಯೋಜನವಿಲ್ಲ. ಆ ದೃಶ್ಯದಲ್ಲಿ ಗುಂಡಿ ಕುಟ್ಟಿ ವಿಮಾನ ಉಳಿಸಲು ನೋಡಬೇಡಿ, ತೀರ್ಪು ಆಗಲೇ ಆಗಿರುತ್ತದೆ.

ಹಾಗಾಗಿ ಇಳಿಸುವ ಕ್ರಮ ಹೀಗಿರಲಿ. ಶುರುವಿನಲ್ಲೇ ಎರಡು ಗುಂಡಿಗಳನ್ನೂ ಒಮ್ಮೊಮ್ಮೆ ತಟ್ಟಿ, ವೇಗದ ಸಂಖ್ಯೆ ಯಾವುದಕ್ಕೆ ಏರುತ್ತದೆ, ಯಾವುದಕ್ಕೆ ಇಳಿಯುತ್ತದೆ ಎಂದು ನೋಡಿಕೊಳ್ಳಿ. ವೇಗವನ್ನು 280ರ ಆಸುಪಾಸಿಗೆ ತಂದು ಬೆರಳು ತೆಗೆಯಿರಿ. ಎತ್ತರವನ್ನು 200ರ ಹತ್ತಿರಕ್ಕೆ ತನ್ನಿ, 170 ಆದರೂ ಸರಿ, 230 ಆದರೂ ಸರಿ. ಇಷ್ಟಾದ ಮೇಲೆ ಗಮನವೆಲ್ಲ ಎಡ-ಬಲದ ಮೇಲಿರಲಿ. 'ರೈಟ್ ರೈಟ್' ಬಂದಾಗ ಬಾಣವನ್ನು ಒತ್ತಿ ಹಿಡಿಯಬೇಡಿ, ತಟ್ಟಿ ಬಿಡಿ, ಮತ್ತೆ ತಟ್ಟಿ. ಹಿಡಿದುಕೊಂಡರೆ ಕೂಗು ನಿಲ್ಲುವಷ್ಟರಲ್ಲಿ ವಿಮಾನ ಆಚೆ ದಾಟಿರುತ್ತದೆ. ಹೆಬ್ಬೆರಳು ಓರೆಯಾಗಿ ಬಿದ್ದರೆ ಎತ್ತರವೂ ಕದಡುತ್ತದೆ. ಎತ್ತರ, ವೇಗ ಗಡಿಯ ಹತ್ತಿರ ಬಂದಾಗ ಮಾತ್ರ ಅವನ್ನು ಮುಟ್ಟಿ. 288 ಎಂದೇ ಕಾಣಬೇಕೆಂದು ಹಟ ಹಿಡಿದವರು ದಿಕ್ಕು ಕಳೆದುಕೊಂಡು ಬೀಳುತ್ತಾರೆ.

ಮುಂದಿನ ಮಿಷನ್ನುಗಳಲ್ಲಿ ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳುವ ಹಂತವೂ ಇದೆ. ಅಲ್ಲಿಯೂ ಇದೇ ಕೂಗು, ಇದೇ ತಟ್ಟಿ ಬಿಡುವ ಉಪಾಯ. ತಪ್ಪಿದರೆ ಇಂಧನ ಮುಗಿದು ವಿಮಾನ ಹೋಗುತ್ತದೆ.

ಇಷ್ಟು ಓದಿದ ಮೇಲೂ ಬೇಕೆನ್ನುವವರು ಕೊಳ್ಳುವಾಗ ನೋಡಬೇಕಾದ್ದು ಬೇರೆಯೇ ಇದೆ. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಮನೆಮನೆಗೆ ಬಂದ ವಿಡಿಯೋ ಗೇಮ್ ಡಬ್ಬಿಗಳು ಎನ್‌ಇಎಸ್‌ನ ಜಪಾನಿನ ರೂಪವಾದ ಫ್ಯಾಮಿಕಾಮ್‌ನ ನಕಲುಗಳು, ಅವುಗಳ ಕ್ಯಾಸೆಟ್ಟಿಗೆ 60 ಪಿನ್. ಅಮೆರಿಕದಿಂದ ತರಿಸುವ ಎನ್‌ಇಎಸ್ ಕ್ಯಾಸೆಟ್ಟಿಗೆ 72 ಪಿನ್. ಅಟ್ಟದ ಮೇಲಿನ ಹಳೆ ಡಬ್ಬಿಗೆ ಅದು ನೇರ ಕೂರುವುದಿಲ್ಲ, ನಡುವೆ ಅಡಾಪ್ಟರ್ ಬೇಕು. ಯುರೋಪಿನ ಕ್ಯಾಸೆಟ್ ಅಮೆರಿಕದ ಎನ್‌ಇಎಸ್‌ನಲ್ಲಿ ನಡೆಯದಂತೆ ಒಳಗೆ ಲಾಕ್ ಚಿಪ್ ಇದೆ. ಯಂತ್ರವನ್ನೇ ಅಮೆರಿಕದಿಂದ ತರಿಸಿದ್ದರೆ ಅದರ ಪವರ್ ಅಡಾಪ್ಟರ್ 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಸುಟ್ಟುಹೋಗುತ್ತದೆ, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಚ್ಚಬೇಡಿ. ಪರದೆ ಮಿಣಮಿಣ ಅಂದರೆ ಕ್ಯಾಸೆಟ್ ಕೆಟ್ಟಿದೆ ಎಂದುಕೊಳ್ಳಬೇಡಿ, ಊದಲೂಬೇಡಿ. ಉಗುಳಿನ ತೇವಕ್ಕೆ ಪಿನ್ ಕಿಲುಬು ಹಿಡಿಯುತ್ತದೆ. ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಪಿನ್ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಈಗಿನ ಎಲ್‌ಇಡಿ ಟಿವಿಯಲ್ಲಿ ಆಡುವುದಾದರೆ ಗೇಮ್ ಮೋಡ್ ಹಾಕಿಕೊಳ್ಳಿ, ಇಲ್ಲದಿದ್ದರೆ ಒತ್ತಿದ್ದು ಪರದೆಗೆ ಬರುವಷ್ಟರಲ್ಲಿ ತಡವಾಗಿ ತಟ್ಟಿ ಬಿಡುವ ಲೆಕ್ಕವೇ ತಪ್ಪುತ್ತದೆ.

ಎಫ್-14 ಮೇಲಿನ ಪ್ರೀತಿಯಿಂದಲೇ ಹುಡುಕುತ್ತಿರುವವರು ಇದೇ ಕೊನಾಮಿಯ ಮುಂದಿನ ಭಾಗ 'ಟಾಪ್ ಗನ್: ದ ಸೆಕೆಂಡ್ ಮಿಷನ್' ನೋಡಿ. ಇಳಿಸುವುದು ಅದರಲ್ಲಿ ಇಷ್ಟು ಕಾಡುವುದಿಲ್ಲ, ಜೊತೆಗೆ ಎರಡನೇ ಕಂಟ್ರೋಲರ್ ಹಾಕಿ ಇಬ್ಬರು ಎದುರಾಬದುರು ಹೊಡೆದಾಡಬಹುದು.