ಆಯಿಲ್ ಕುಡಿಯುವ ಎಂಜಿನ್: ಒಂದು ಗ್ಯಾರೇಜಿನ ಸೇವೆಯ ವಿಮರ್ಶೆ

ಎಂಜಿನ್ ಆಯಿಲ್ ಬೇಗನೆ ಇಳಿದುಹೋಗುತ್ತಿದ್ದ ನನ್ನ ಹಳೆಯ ಪೆಟ್ರೋಲ್ ಕಾರನ್ನು ಒಪ್ಪಿಸಿದಾಗ, ಈ ಗ್ಯಾರೇಜಿನವರು ಎಂಜಿನ್ ಬಿಚ್ಚುವ ಮಾತನ್ನು ಮೊದಲಿಗೇ ಎತ್ತಲಿಲ್ಲ ಎಂಬುದು ಮೆಚ್ಚಬೇಕಾದ ಸಂಗತಿ. ಸೋರಿಕೆಯ ಗುರುತುಗಳಿಲ್ಲವೆಂದು ಕೆಳಗಿನಿಂದ ಖಚಿತಪಡಿಸಿಕೊಂಡ ಬಳಿಕ, ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿನವರೆಗೆ ಆಯಿಲ್ ತುಂಬಿಸಿ, 1000 ಕಿಲೋಮೀಟರ್ ಓಡಿಸಿ ಬರುವಂತೆ ತಿಳಿಸಿದರು. ಕೆಲವು ತಯಾರಕರು ಅಷ್ಟು ದೂರಕ್ಕೆ ಅರ್ಧ ಲೀಟರಿನವರೆಗಿನ ಬಳಕೆಯನ್ನು ಸಹಜವೆಂದೇ ಪರಿಗಣಿಸುವುದರಿಂದ, ಅಳತೆಯಿಲ್ಲದೆ ದುರಸ್ತಿಗೆ ಇಳಿಯುವುದು ದುಡುಕಾಗುತ್ತದೆ.

ಬಳಕೆ ಆ ಮಿತಿಯನ್ನು ದಾಟಿದ್ದರಿಂದ ಮೊದಲು ಪಿಸಿವಿ ವಾಲ್ವ್ ಪರೀಕ್ಷಿಸಿದರು. ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ತಳಭಾಗದ ಕೋಶದ) ಅನಿಲವನ್ನು ಹದವಾಗಿ ಹೊರಬಿಡಬೇಕಾದ ಈ ಪುಟ್ಟ ಬಿಡಿಭಾಗ ಕೆಟ್ಟರೆ ಆಯಿಲ್ ಇನ್‌ಟೇಕಿಗೆ (ಎಂಜಿನ್ನಿಗೆ ಗಾಳಿ ಒಳಹೋಗುವ ದಾರಿಗೆ) ಸೆಳೆಯಲ್ಪಟ್ಟು ಉರಿದುಹೋಗುತ್ತದೆ. ಅದು ಸರಿಯಾಗಿಯೇ ಇತ್ತು. ನಂತರ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಯನ್ನು ಒಮ್ಮೆ ಹಾಗೆಯೇ, ಮತ್ತೊಮ್ಮೆ ಪ್ರತಿ ಸಿಲಿಂಡರಿಗೂ ಸ್ವಲ್ಪ ಆಯಿಲ್ ಹಾಕಿ ನಡೆಸಿದರು: ಎರಡನೆಯ ಬಾರಿ ಒತ್ತಡ ಗಮನಾರ್ಹವಾಗಿ ಏರಿದರೆ ಪಿಸ್ಟನ್ ಮತ್ತು ಸಿಲಿಂಡರ್ ಗೋಡೆಯ ನಡುವಿನ ಸಂದು ಮುಚ್ಚುವ ಪಿಸ್ಟನ್ ರಿಂಗ್ ಸವೆದಿರುವ ಸಂಭವ ಹೆಚ್ಚು. ಇಲ್ಲಿ ಏರಲಿಲ್ಲ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಚಾಲೂ ಮಾಡಿದಾಗ ಮಾತ್ರ ನೀಲಿ ಹೊಗೆ ಬರುತ್ತಿದ್ದುದನ್ನೂ ಗಣಿಸಿ, ವಾಲ್ವ್‌ಗಳ ಪಕ್ಕದಿಂದ ಆಯಿಲ್ ಸಿಲಿಂಡರಿಗೆ ಇಳಿಯದಂತೆ ತಡೆಯುವ ವಾಲ್ವ್ ಸೀಲುಗಳೇ ಗಟ್ಟಿಯಾಗಿವೆ ಎಂಬ ತೀರ್ಮಾನಕ್ಕೆ ಬಂದರು.

ಸಿಲಿಂಡರ್ ಹೆಡ್ ಇಳಿಸದೆಯೇ, ಸ್ಪಾರ್ಕ್ ಪ್ಲಗ್ ರಂಧ್ರದಿಂದ ಒತ್ತಡದ ಗಾಳಿ ತುಂಬಿ, ವಾಲ್ವ್‌ಗಳು ಒಳಬೀಳದಂತೆ ಹಿಡಿದಿಟ್ಟು ಸೀಲುಗಳನ್ನು ಬದಲಿಸಿದ್ದು ನಿಜವಾದ ಕೈಚಳಕ. ಹೊಗೆ ನಿಂತಿದೆ; ಆಯಿಲ್ ಮಟ್ಟವೂ ಬಹುಮಟ್ಟಿಗೆ ಸ್ಥಿರವಾಗಿದೆ. ಕೊರತೆಯೆಂದರೆ, ಪರೀಕ್ಷೆಯ ಅಂಕಿಗಳನ್ನು ಕೇಳಿ ಬರೆಸಿಕೊಳ್ಳಬೇಕಾಯಿತು; ಜೊತೆಗೆ ಹೊಗೆ ತಡೆಯಲು ಆಯಿಲಿಗೆ ಬೆರೆಸುವ ದ್ರಾವಣವೊಂದನ್ನೂ ಕೊಳ್ಳುವಂತೆ ಸೂಚಿಸಿದರು, ಸೀಲು ಬದಲಾದ ಮೇಲೆ ಅದರ ಅಗತ್ಯವೇ ಇರಲಿಲ್ಲ.